ಗೋತ್ರ ಕೇಳಿದ ಮೇಲಿನ ಮರುಕ

ಕಳೆದ ಶ್ರಾವಣದಲ್ಲಿ ನಮ್ಮ ಕಟ್ಟಡದ ಎರಡನೆಯ ಮಹಡಿಯ ಅಜ್ಜಿ ತೀರಿಕೊಂಡರು. ಮಂಗಳೂರು ಕಡೆಯ ಕ್ಯಾಥೊಲಿಕ್ ಕುಟುಂಬ. ಮನೆಮಾತು ಕೊಂಕಣಿಯಾದರೂ ನನ್ನಾಕೆಯೊಡನೆ ಅವರು ಆಡುತ್ತಿದ್ದುದು ತುಳು. ನಮ್ಮ ಮಗ ಸೊಸೆ ಇಬ್ಬರೂ ಬೆಳಗ್ಗೆ ಎಂಟಕ್ಕೆ ಮೊದಲೇ ಲೋಕಲ್ ಹಿಡಿಯುವವರು. ನನ್ನಾಕೆ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿದ್ದ ಎರಡು ತಿಂಗಳು, ನಮ್ಮ ಮೊಮ್ಮಗಳಿಗೆ ತಲೆ ಬಾಚಿ, ಜಡೆ ಹೆಣೆದು, ತಮ್ಮ ಮೊಮ್ಮಗಳ ಜೊತೆಗೇ ಶಾಲೆಯ ಬಸ್ಸು ಹತ್ತಿಸಿದವರು ಈ ಅಜ್ಜಿ. ಅವರು ಹೋದ ರಾತ್ರಿ ಒಂಬತ್ತು ವರ್ಷದ ನಮ್ಮ ಹುಡುಗಿ ಊಟ ಬಿಟ್ಟು ಅತ್ತಳು. ನಮ್ಮ ಮನೆಯಲ್ಲಿ ಆ ಸಾವಿಗಾಗಿ ಅತ್ತವಳು ಅವಳೊಬ್ಬಳೇ ಎಂಬುದನ್ನೂ ಇಲ್ಲಿ ಹೇಳಬೇಕು.

ಅದಾದ ಭಾನುವಾರ ಅವಳು ಎಂದಿನಂತೆ ಸಂಸ್ಕಾರ ತರಗತಿಗೆ ಹೋದಳು. ನಮ್ಮ ಉಪನಗರದ ಕನ್ನಡಿಗರು ಸೇರಿ ನಡೆಸುವ ತರಗತಿ ಅದು. ಮೊದಲ ಇಪ್ಪತ್ತು ನಿಮಿಷ ಅಕ್ಷರ, ಕಾಗುಣಿತ. ಉಳಿದ ಹೊತ್ತೆಲ್ಲ ಶ್ಲೋಕ, ಕಥೆ, ಆಚಾರ. ಹುಡುಗಿ ಅಲ್ಲಿ ಒಂದು ಪ್ರಶ್ನೆ ಕೇಳಿದಳಂತೆ: ಎರಡನೆಯ ಮಹಡಿಯ ಅಜ್ಜಿ ಈಗ ದೇವರ ಹತ್ತಿರ ಇದ್ದಾರೆಯೇ? ಕಲಿಸುವವರು ಕೆಟ್ಟವರಲ್ಲ. ಮಕ್ಕಳಿಗೆ ಎಂದೂ ಗದರಿದವರಲ್ಲ, ಸಂಬಳ ತೆಗೆದುಕೊಂಡವರೂ ಅಲ್ಲ. ಮೆಲ್ಲಗೆ, ತಿಳಿಹೇಳುವ ದನಿಯಲ್ಲಿ, ನಮ್ಮ ದೇವರ ನಾಮ ಹೇಳದವರಿಗೆ, ಮೀನು ಮಾಂಸ ತಿಂದವರಿಗೆ ಸದ್ಗತಿ ಇಲ್ಲವೆಂದೂ, ಅದಕ್ಕಾಗಿ ನಾವು ಅಳಬಾರದೆಂದೂ ಹೇಳಿದರಂತೆ. ಹುಡುಗಿ ಅಳು ನಿಲ್ಲಿಸಿ ಮನೆಗೆ ಬಂದಳು. ಸಂಜೆ ಮೆಟ್ಟಿಲ ಮೇಲೆ ತನ್ನ ಗೆಳತಿಗೆ, ಅಂದರೆ ತೀರಿಹೋದ ಅಜ್ಜಿಯ ಮೊಮ್ಮಗಳಿಗೆ, ಕಲಿತದ್ದನ್ನು ಹಾಗೆಯೇ ಒಪ್ಪಿಸಿದಳು.

ಮರುದಿನ ಆ ಮಗುವಿನ ತಾಯಿ ನಮ್ಮ ಬಾಗಿಲಿಗೆ ಬಂದರು. ಜಗಳಕ್ಕಲ್ಲ. ಒಳಗೂ ಬರಲಿಲ್ಲ. "ಅಂಕಲ್, ಅವಳು ರಾತ್ರಿಯೆಲ್ಲ ಮಲಗಿಲ್ಲ. ಇನ್ನೊಮ್ಮೆ ಹಾಗೆ ಹೇಳಬೇಡ ಅಂತ ಪುಟ್ಟಿಗೆ ಒಂದು ಮಾತು ಹೇಳ್ತೀರಾ?" ಎಂದಷ್ಟೇ ಕೇಳಿದರು. ನಾನು ಹೇಳಿದ್ದು: "ಮಕ್ಕಳು, ಬಿಡಿ. ಏನೋ ಆಡಿಕೊಳ್ಳುತ್ತವೆ." ನಲವತ್ತೆರಡು ವರ್ಷ ಈ ಮಹಾನಗರದಲ್ಲಿ ಬಾಳಿ, ಬ್ಯಾಂಕಿನ ಕೌಂಟರಿನಲ್ಲಿ ನಾನಾ ಜನರೊಡನೆ ವ್ಯವಹರಿಸಿ, ಸಾಹಿತ್ಯಗೋಷ್ಠಿಗಳಲ್ಲಿ ಮಾನವತೆಯ ಬಗ್ಗೆ ಭಾಷಣ ಬಿಗಿದವನ ಬಾಯಿಂದ ಬಂದ ಮಾತು ಅದು. ಈ ಲೇಖನ ಆ ಉತ್ತರಕ್ಕೆ ನಾನೇ ಬರೆಯುತ್ತಿರುವ ಖಂಡನೆ. ಜೊತೆಗೆ, ನಮ್ಮ ಮಕ್ಕಳಿಗೆ ನಾವು ಸಂಸ್ಕಾರವೆಂಬ ಹೆಸರಿನಲ್ಲಿ ಕೊಡುತ್ತಿರುವುದೇನು ಎಂಬುದರ ಬಗ್ಗೆ ಒಂದು ಜಗಳ. ಗೆಳೆಯರು ಮುನಿಸಿಕೊಳ್ಳುವುದಾದರೆ ಪೂರ್ತಿ ಓದಿ ಮುನಿಸಿಕೊಳ್ಳಲಿ.

ಮೊದಲು ಗಮನಿಸಬೇಕಾದದ್ದು ಅನುಕ್ರಮವನ್ನು. ಮಗುವಿಗೆ ಅಳು ಮೊದಲು ಬಂತು. ಅದನ್ನು ಯಾರೂ ಕಲಿಸಿರಲಿಲ್ಲ. ಅಳಬಾರದೆಂಬ ಕಾರಣ ಆಮೇಲೆ ಬಂತು, ಅದನ್ನು ಕಲಿಸಬೇಕಾಯಿತು. ನಮ್ಮ ಹಿರಿಯರು, ನಮ್ಮ ಗುರುಗಳು, ನಮ್ಮ ಸಂಘಗಳವರು ಸಾಮಾನ್ಯವಾಗಿ ಇದರ ತಿರುವುಮುರುವನ್ನು ಹೇಳುತ್ತಾರೆ. ಮಗು ಹುಟ್ಟುವಾಗ ಒರಟು ಕಲ್ಲು, ಧರ್ಮಶಿಕ್ಷಣದಿಂದ ಅದಕ್ಕೆ ದಯೆ ದಾಕ್ಷಿಣ್ಯಗಳ ರೂಪ ಬರುತ್ತದೆ. ಮೊದಲು ನಂಬಿಕೆ ಗಟ್ಟಿಯಾಗಲಿ, ಕರುಣೆ ತಾನಾಗಿ ಬರುತ್ತದೆ ಎಂಬುದು ಅವರ ವಾದ. ನಾನು ಕಂಡದ್ದು ಹಾಗಲ್ಲ. ಕರುಣೆ ಇದ್ದೇ ಇತ್ತು. ಗಟ್ಟಿಯಾದ ನಂಬಿಕೆ ಬಂದು ಅದಕ್ಕೆ ಕಟ್ಟೆ ಕಟ್ಟಿತು.

ಇದನ್ನು ನನ್ನ ಮೈಮೇಲೆಯೇ ಒಮ್ಮೆ ಅನುಭವಿಸಿದ್ದೆ. ಉಡುಪಿಯಿಂದ ಆರು ಹರದಾರಿ ದೂರದ ಹಳ್ಳಿಯಲ್ಲಿ ನನ್ನ ತಂದೆ ಪೌರೋಹಿತ್ಯ ಮಾಡಿಕೊಂಡಿದ್ದರು. ನನಗೆ ಉಪನಯನವಾದ ವರ್ಷ, ಅಂಗಳದ ತುದಿಯಲ್ಲಿ ನಮ್ಮ ತೋಟದ ಆಳಿನ ಮಗ, ನನ್ನದೇ ವಯಸ್ಸಿನವನು, ಪಾಚಿಗೆ ಜಾರಿ ಬಿದ್ದು ಹಣೆ ಒಡೆದುಕೊಂಡ. ಓಡಿಹೋಗಿ ಎತ್ತಿದೆ. ಅದಕ್ಕೆ ನನಗೆ ಸಿಕ್ಕಿದ್ದು ತಲೆಯ ಮೇಲೆ ಕೊಡಗಟ್ಟಲೆ ತಣ್ಣೀರು, ಹೊಸ ಜನಿವಾರ, ಬಾಯಿಗೆ ಪಂಚಗವ್ಯ. ಯಾರೂ ಹೊಡೆಯಲಿಲ್ಲ. ಅಜ್ಜಿ ಅಕ್ಕರೆಯಿಂದಲೇ ನೀರು ಸುರಿದರು. ಆ ಹುಡುಗ ಮಾತ್ರ ಗಾಯಕ್ಕೆ ಕಮ್ಯುನಿಸ್ಟು ಸೊಪ್ಪಿನ ರಸ ಹಚ್ಚಿಸಿಕೊಂಡು ದೂರದ ತೆಂಗಿನ ಬುಡದಲ್ಲಿ ಕುಳಿತು, ತನ್ನನ್ನು ಮುಟ್ಟಿದ್ದಕ್ಕಾಗಿ ನನ್ನನ್ನು ತೊಳೆಯುತ್ತಿರುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ಆಮೇಲೆ ಎಷ್ಟೋ ಸಲ ಯಾರಾದರೂ ಬಿದ್ದಾಗ ನನ್ನ ಕಾಲು ಒಂದು ಗಳಿಗೆ ತಡೆದು ನಿಂತದ್ದುಂಟು. ಆ ಒಂದು ಗಳಿಗೆಯೇ ನನಗೆ ಸಿಕ್ಕಿದ ಸಂಸ್ಕಾರ.

ಈ ಗಳಿಗೆಯ ಅತ್ಯಂತ ನಿಖರವಾದ ವರ್ಣನೆಯನ್ನು ನಾನು ಓದಿರುವುದು ಧರ್ಮಗ್ರಂಥದಲ್ಲೂ ಅಲ್ಲ, ಕಾದಂಬರಿಯಲ್ಲೂ ಅಲ್ಲ. ಅಂಬೇಡ್ಕರರ ಆತ್ಮಕಥನದ ಕೆಲವೇ ಪುಟಗಳಲ್ಲಿ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಆ ಪುಟ್ಟ ಬರಹದಲ್ಲಿ 1901ರ ಒಂದು ಪ್ರಯಾಣ ಬರುತ್ತದೆ. ತಂದೆ ದೂರದ ಊರಿನಲ್ಲಿ ಕೆಲಸದ ಮೇಲಿದ್ದಾರೆ. ರಜೆಯಲ್ಲಿ ಅವರನ್ನು ಕಾಣಲು ಹತ್ತು ವರ್ಷದ ಆಸುಪಾಸಿನ ಭೀಮರಾವ್ ಮತ್ತು ಜೊತೆಯ ಮಕ್ಕಳು ಸಾತಾರಾದಿಂದ ರೈಲು ಹತ್ತಿ ಸಂಜೆ ಮಸೂರ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಬರುವ ಸುದ್ದಿಯ ಪತ್ರ ತಂದೆಗೆ ತಲುಪಿಲ್ಲ. ಕರೆದೊಯ್ಯಲು ಯಾರೂ ಬಂದಿಲ್ಲ. ಮಕ್ಕಳು ಹೊಸ ಬಟ್ಟೆ ತೊಟ್ಟು ಅಚ್ಚುಕಟ್ಟಾಗಿದ್ದಾರೆ. ಅವರನ್ನು ಬ್ರಾಹ್ಮಣರ ಮಕ್ಕಳೆಂದೇ ತಿಳಿದ ಸ್ಟೇಷನ್ ಮಾಸ್ತರರಿಗೆ ಅವರ ಅವಸ್ಥೆ ಕಂಡು ಮನಸ್ಸು ಕರಗುತ್ತದೆ. ಹತ್ತಿರ ಬಂದು ವಿಚಾರಿಸುತ್ತಾರೆ. ಆಮೇಲೆ ನಾವೆಲ್ಲ ಕೇಳುವ ಆ ಪ್ರಶ್ನೆಯನ್ನು ಕೇಳುತ್ತಾರೆ: ನೀವು ಯಾರ ಪೈಕಿ? ಮಹಾರರು ಎಂದು ಹುಡುಗ ತಟ್ಟನೆ ಹೇಳಿಬಿಡುತ್ತಾನೆ. ಮಾಸ್ತರರ ಮುಖ ಬದಲಾಗುತ್ತದೆ. ಹೇಸಿಕೆಯೊಂದು ಅವರನ್ನು ಆವರಿಸಿದ್ದು ಮಕ್ಕಳಿಗೇ ಕಾಣಿಸುತ್ತದೆ. ಅವರು ತಮ್ಮ ಕೋಣೆಗೆ ಹೊರಟುಹೋಗುತ್ತಾರೆ.

ಆಮೇಲಿನದು ಹಲವರಿಗೆ ಗೊತ್ತು. ಬಾಡಿಗೆಯ ಎತ್ತಿನ ಗಾಡಿಗಳು ಸಾಲಾಗಿ ನಿಂತಿದ್ದರೂ ಒಬ್ಬ ಗಾಡಿಯವನೂ ಒಪ್ಪುವುದಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆಯುವುದು, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು ಎಂಬ ಕರಾರಾಗುತ್ತದೆ. ಬುತ್ತಿ ಇದ್ದರೂ ಕುಡಿಯುವ ನೀರು ಸಿಗದೆ ಆ ರಾತ್ರಿ ಮಕ್ಕಳು ಉಪವಾಸ ಮಲಗುತ್ತಾರೆ. ನನ್ನ ಲಕ್ಷ್ಯವಿರುವುದು ಗಾಡಿಯವನ ಮೇಲಲ್ಲ, ಸ್ಟೇಷನ್ ಮಾಸ್ತರರ ಮೇಲೆ. ಆ ಮನುಷ್ಯನಲ್ಲಿ ಮರುಕ ಇರಲಿಲ್ಲವೆಂದು ಯಾರು ಹೇಳಬಲ್ಲರು? ಇತ್ತು, ಉಕ್ಕಿ ಬಂದಿತ್ತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಹೊರಬಂದು, ಎರಡು ಪಟ್ಟು ಬಾಡಿಗೆಯ ಏರ್ಪಾಡು ಮಾಡಿಸಿದವರೂ ಅವರೇ. ಅಂದರೆ ಹೇಸಿಕೆಯ ಅಡಿಯಲ್ಲೂ ಅದು ಪೂರ್ತಿ ಸತ್ತಿರಲಿಲ್ಲ. ಅದರ ಮತ್ತು ಎದುರಿನ ಮಗುವಿನ ನಡುವೆ ಒಂದು ಪಾಠ ನಿಂತಿತ್ತು. ಆ ಪಾಠವನ್ನು ಅವರಿಗೆ ಯಾರೋ, ಬಹುಶಃ ಪ್ರೀತಿಯಿಂದಲೇ, ಮನೆಯಲ್ಲಿ ಕಲಿಸಿದ್ದರು.

ಮುಂಬಯಿಯಿಂದ ಪುಣೆ, ಮೀರಜ್ ದಾರಿಯಾಗಿ ಹುಬ್ಬಳ್ಳಿಗೆ ಹೋಗುವ ನಮ್ಮವರ ರೈಲು ಈ ಮಸೂರನ್ನು ದಾಟಿಯೇ ಸಾಗುತ್ತದೆ. ಕರಾಡಕ್ಕೆ ಮೊದಲು ಸಿಗುವ ಸಣ್ಣ ನಿಲ್ದಾಣ. ಅದು ನಮ್ಮ ಕಿಟಕಿಯಾಚೆ ಸರಿದುಹೋಗುವಾಗ ನಾವು ಸಾಮಾನ್ಯವಾಗಿ ನಿದ್ರೆಯಲ್ಲಿರುತ್ತೇವೆ.

"ನಮ್ಮ ಮನೆಯಲ್ಲಿ ಯಾರನ್ನೂ ದ್ವೇಷಿಸಲು ಕಲಿಸುವುದಿಲ್ಲ" ಎಂದು ತರಗತಿಯ ಪೋಷಕರೊಬ್ಬರು ನನಗೆ ಹೇಳಿದರು. ಅವರ ಮಾತು ನಿಜ. ಮಸೂರಿನ ಮಾಸ್ತರರೂ ಯಾರನ್ನೂ ದ್ವೇಷಿಸುತ್ತಿರಲಿಲ್ಲ. ನನ್ನ ಅಜ್ಜಿ ಆ ಆಳಿನ ಮಗನಿಗೆ ಹಬ್ಬದ ದಿನ ಕಡುಬನ್ನು ಎತ್ತಿಟ್ಟು, ದೂರದಿಂದಲಾದರೂ, ಕೊಡುತ್ತಿದ್ದವರೇ. ದ್ವೇಷವಿದ್ದರೆ ವಾಸಿಯಿತ್ತು, ಅದಕ್ಕೆ ಕಾರಣ ಕೇಳಬಹುದು, ಅದು ಒಂದು ದಿನ ದಣಿಯಲೂಬಹುದು. ನಾವು ಕಲಿಸುವುದು ದ್ವೇಷಕ್ಕಿಂತ ಶಾಂತವಾದ, ಹೆಚ್ಚು ಬಾಳಿಕೆ ಬರುವ ಒಂದು ಗುಣವನ್ನು: ಇನ್ನೊಬ್ಬರ ನೋವು ನಮ್ಮ ಲೆಕ್ಕಕ್ಕೆ ಬರುವುದಿಲ್ಲವೆಂಬ ನೆಮ್ಮದಿಯನ್ನು. ನಮ್ಮ ಹುಡುಗಿ ಆ ಭಾನುವಾರ ಮನೆಗೆ ತಂದದ್ದು ಅದನ್ನೇ. ಅವಳು ಗೆಳತಿಗೆ ಆ ಮಾತನ್ನು ಹೇಳಿದ್ದು ಸಿಟ್ಟಿನಿಂದಲ್ಲ. ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ್ದಳು.

ನನ್ನದು ಮಾಧ್ವ ಸಂಪ್ರದಾಯದ ಮನೆತನ. ಆದ್ದರಿಂದ ಸದ್ಗತಿಯ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲಾರೆ. ಜೀವರಲ್ಲಿ ಸ್ವಭಾವದಿಂದಲೇ ಮೂರು ವರ್ಗ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಜೀವತ್ರೈವಿಧ್ಯವೆಂದು ಇದಕ್ಕೆ ಹೆಸರು. ಭಾರತದ ದರ್ಶನಗಳಲ್ಲಿ ಇಷ್ಟು ಕಠಿಣವಾದ ಮಾತನ್ನು ಇಷ್ಟು ನೇರವಾಗಿ ಹೇಳಿದ್ದು ಅಪರೂಪ. ಇದನ್ನು ತಂದೆಯಿಂದ ಪಾಠ ಹೇಳಿಸಿಕೊಳ್ಳುವಾಗ, ಹಾಗಾದರೆ ನಮ್ಮೂರಿನಲ್ಲಿ ತಮೋಯೋಗ್ಯರು ಯಾರು ಯಾರು ಎಂದು ಹುಮ್ಮಸ್ಸಿನಿಂದ ಕೇಳಿದ್ದೆ. ತಂದೆ ಪುಸ್ತಕ ಮುಚ್ಚಿದರು. ಅದನ್ನು ಅರಿಯುವುದು ಭಗವಂತನ ಕೆಲಸ. ಮನುಷ್ಯನು ಆ ಪಟ್ಟಿಯಲ್ಲಿ ತನ್ನ ಹೆಸರು ಎಲ್ಲಿದೆಯೆಂದು ಹೆದರಬೇಕೇ ಹೊರತು ನೆರೆಯವನ ಹೆಸರನ್ನು ಹುಡುಕಬಾರದು ಎಂದರು. ಮಡಿಯಲ್ಲಿ ನನ್ನಜ್ಜಿಗಿಂತ ಒಂದು ಕೈ ಮಿಗಿಲಾಗಿದ್ದ ಮನುಷ್ಯ ಅವರು, ಸುಧಾರಕರೇನಲ್ಲ. ಆದರೂ ಸಿದ್ಧಾಂತಕ್ಕೂ ತೀರ್ಪಿಗೂ ನಡುವಿನ ಅಂತರ ಅವರಿಗೆ ತಿಳಿದಿತ್ತು. ನಮ್ಮ ಭಾನುವಾರದ ತರಗತಿಗಳಲ್ಲಿ ಉಳಿದಿರುವುದು ತೀರ್ಪು ಮಾತ್ರ. ಆ ಸಿದ್ಧಾಂತವನ್ನು ಹೊತ್ತ ಪಾಂಡಿತ್ಯವಾಗಲಿ, ಭಯವಾಗಲಿ ಅಲ್ಲಿಲ್ಲ.

ಇದು ಹೇಗಾಯಿತು? ನನ್ನ ಅನುಮಾನ ಹೀಗಿದೆ. ಊರು ಬಿಟ್ಟು ಬಂದವರು ಊರನ್ನು ಬಿಟ್ಟ ದಿನದ ಸ್ಥಿತಿಯಲ್ಲೇ ಗಂಟು ಕಟ್ಟಿ ತರುತ್ತಾರೆ. ಅಲ್ಲಿ ಊರು ಬದಲಾಗುತ್ತ ಹೋಗುತ್ತದೆ, ಗಂಟು ಬದಲಾಗುವುದಿಲ್ಲ. ನಮ್ಮ ಹಳ್ಳಿಯ ಮನೆಯಲ್ಲಿ ಇಂದು ನನ್ನ ತಮ್ಮನ ಮಗ ತೋಟದ ಕೆಲಸದವರೊಡನೆ ಅದೇ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಾನೆ. ಅದೊಂದು ಕ್ರಾಂತಿಯೆಂದು ಅವನಿಗೂ ಅನ್ನಿಸಿಲ್ಲ, ಅವರಿಗೂ ಅನ್ನಿಸಿಲ್ಲ. ಇಲ್ಲಿ, ಅರಬ್ಬೀ ಸಮುದ್ರದ ದಂಡೆಯ ಈ ನಗರದಲ್ಲಿ, ನಾವು ಎಂಟುನೂರು ಚದರಡಿಯ ಫ್ಲ್ಯಾಟಿನೊಳಗೆ ಐವತ್ತು ವರ್ಷಗಳ ಹಿಂದಿನ ಅಗ್ರಹಾರವನ್ನು ಕಾಪಾಡಿಕೊಂಡಿದ್ದೇವೆ. ನಗರ ದೊಡ್ಡದಾದಷ್ಟೂ, ಪರಕೀಯವೆನಿಸಿದಷ್ಟೂ, ಬೇಲಿಯನ್ನು ಎತ್ತರಿಸುತ್ತೇವೆ. ಮುಂಬಯಿಯ ಮಾತನ್ನು ನಾನು ಬಲ್ಲೆ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಗೆಳೆಯರು ತಮ್ಮಲ್ಲಿ ಹಾಗಿಲ್ಲವೆಂದರೆ ಸಂತೋಷಪಡುತ್ತೇನೆ.

ಇಲ್ಲಿ ಬರುವ ಆಕ್ಷೇಪ ನನಗೆ ಗೊತ್ತಿದೆ. "ಹೊರನಾಡಿನಲ್ಲಿ ಹುಟ್ಟಿದ ಮಕ್ಕಳು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಮರಾಠಿ. ಈ ತರಗತಿಯೂ ಇಲ್ಲದಿದ್ದರೆ ಕನ್ನಡದ ಗಂಧವೇ ಇಲ್ಲದೆ ಬೆಳೆಯುತ್ತಾರೆ." ಈ ಮಾತಿನ ಹಿಂದಿರುವ ಕಳವಳ ನನ್ನದೂ ಹೌದು. ಮೊಮ್ಮಗಳನ್ನು ಆ ತರಗತಿಗೆ ಸೇರಿಸಿದವನು ನಾನೇ, ಅವಳ ತಂದೆತಾಯಿಗಳಲ್ಲ. ಆದರೆ ಕನ್ನಡ ಉಳಿಸಿಕೊಳ್ಳಲು ಈ ಬೆಲೆ ತೆರಬೇಕೆಂದು ಹೇಳಿದವರು ಯಾರು? ಈ ನಗರದಲ್ಲಿ ಕನ್ನಡವನ್ನು ಉಳಿಸಿದ ರಾತ್ರಿಶಾಲೆಗಳನ್ನು ನೆನೆಯಿರಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಸಂಜೆ ಬಂದು ಒಂದೇ ಬೆಂಚಿನಲ್ಲಿ ಕುಳಿತು ಓದಿದರು. ಅಲ್ಲಿ ಕುಲ ಕೇಳುತ್ತ ಕುಳಿತಿದ್ದರೆ ಬೆಂಚು ತುಂಬುತ್ತಿರಲಿಲ್ಲ. ಕಲ್ಯಾಣದ ಶರಣರನ್ನೂ ಕಾಗಿನೆಲೆಯ ಕನಕದಾಸರನ್ನೂ ಕೊಟ್ಟ ಭಾಷೆಯನ್ನು ಕಲಿಸುವ ನೆಪದಲ್ಲಿ, ಅವರು ಒಡೆಯಲು ಹೋದ ಗೋಡೆಯನ್ನೇ ಮಕ್ಕಳ ಕೈಯಿಂದ ಕಟ್ಟಿಸುವುದು ಎಂಥ ಭಾಷಾಭಿಮಾನ?

ಇನ್ನೊಂದು ಆಕ್ಷೇಪ ಹೆಚ್ಚು ಬಿರುಸಿನದು: "ನಮ್ಮನ್ನೇ ಏಕೆ ಕೇಳುತ್ತೀರಿ? ಅವರನ್ನು ಕೇಳಿ." ಕೇಳೋಣ. ಈ ನಗರದಲ್ಲೇ ಅದರ ಕಥೆಗಳಿವೆ. ದಾವೂದಿ ಬೋಹ್ರಾ ಸಮುದಾಯದಲ್ಲಿ ಧರ್ಮಗುರುವಿನ ಆಣತಿ ಮೀರಿದವರಿಗೆ ಬಹಿಷ್ಕಾರ. ನಂಟರು ಮಾತು ಬಿಡಬೇಕು. ಸತ್ತರೆ ಸಮುದಾಯದ ಸ್ಮಶಾನದಲ್ಲಿ ಜಾಗವಿಲ್ಲ. ಇದನ್ನು ತಡೆಯಲು ಮುಂಬಯಿ ಪ್ರಾಂತ್ಯ 1949ರಲ್ಲಿ ಬಹಿಷ್ಕಾರ ನಿಷೇಧ ಕಾನೂನು ಮಾಡಿತು. 1962ರಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಅದನ್ನು ರದ್ದುಗೊಳಿಸಿತು. ಬಹಿಷ್ಕಾರದ ಅಧಿಕಾರ ಧಾರ್ಮಿಕ ಸ್ವಾತಂತ್ರ್ಯದ ಭಾಗವೆಂದಿತು. ಒಪ್ಪದೆ ಭಿನ್ನ ತೀರ್ಪು ಬರೆದವರು ಒಬ್ಬರೇ, ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ. ಬಹಿಷ್ಕೃತನನ್ನು ತನ್ನ ಸಮುದಾಯದೊಳಗೇ ಅಸ್ಪೃಶ್ಯನನ್ನಾಗಿ ಮಾಡಿದಂತೆ ಎಂಬುದು ಅವರ ಗ್ರಹಿಕೆ. ಹಾಗಾಗಿ ಹೌದು, ಅವರಲ್ಲೂ ಇದೆ. ಎರಡನೆಯ ಮಹಡಿಯವರ ಮತದ ಚರಿತ್ರೆಯಲ್ಲೂ ಇದೆ. ದೀಕ್ಷಾಸ್ನಾನವಾಗುವ ಮೊದಲೇ ಸತ್ತ ಹಸುಗೂಸುಗಳು ಸ್ವರ್ಗಕ್ಕೆ ಸಲ್ಲುವುದಿಲ್ಲವೆಂದು, ಅವುಗಳಿಗಾಗಿ ಲಿಂಬೊ ಎಂಬ ಅಂಚಿನ ಲೋಕವೊಂದನ್ನು ಮಧ್ಯಯುಗದ ಪಂಡಿತರು ಕಲ್ಪಿಸಿದ್ದರು. ಅಂಥ ಕೂಸುಗಳಿಗೆ ಪವಿತ್ರಭೂಮಿಯಲ್ಲಿ ಮಣ್ಣೂ ಸಿಗುತ್ತಿರಲಿಲ್ಲ. ಐರ್ಲೆಂಡಿನ ಹಳ್ಳಿಗಳಲ್ಲಿ ತಂದೆಯಂದಿರು ಅವನ್ನು ಊರಾಚೆಯ ಪಾಳುಜಾಗದಲ್ಲಿ ಹೂತು ಬರುತ್ತಿದ್ದರು. ಕಿಲ್ಲೀನಿ ಎಂದು ಕರೆಯುವ ಆ ನೆಲಗಳು ಇಂದಿಗೂ ಇವೆ.

ಆದರೆ ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದಕ್ಕಾಗಿಯೇ ಅದನ್ನಿಲ್ಲಿ ಹೇಳುತ್ತಿದ್ದೇನೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಪೋಪರ ಅನುಮತಿಯೊಂದಿಗೆ, ಆ ಕೂಸುಗಳಿಗೂ ಸದ್ಗತಿಯಿದೆಯೆಂದು ಆಶಿಸಲು ಗಂಭೀರವಾದ ಆಧಾರಗಳಿವೆ ಎಂಬರ್ಥದ ದಸ್ತಾವೇಜನ್ನು ಪ್ರಕಟಿಸಿತು. ಶಾಸ್ತ್ರದಲ್ಲಿ ಹೊಸ ಶ್ಲೋಕವೇನೂ ಸಿಕ್ಕಿರಲಿಲ್ಲ. ಕೂಸು ಕಳೆದುಕೊಂಡ ತಾಯಂದಿರ ಸಂಕಟದೆದುರು ಶತಮಾನಗಳ ತರ್ಕ ನಾಚಿಕೊಂಡಿತು ಎಂದೇ ನಾನು ಅದನ್ನು ಓದುತ್ತೇನೆ. ತಡವಾಯಿತು, ನಿಜ. ಪಾಳುನೆಲದಲ್ಲಿ ಹೂತವರ ಪಾಲಿಗಂತೂ ತೀರ ತಡ. ಆದರೂ ಮರುಕದ ಎದುರಿನಲ್ಲಿ ಒಂದು ಮತ ತನ್ನ ಮಾತನ್ನು ಹಿಂತೆಗೆದುಕೊಳ್ಳಬಲ್ಲದು, ಹಾಗೆ ಮಾಡಿದರೆ ಅದು ಕುಸಿದುಬೀಳುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ನಂಬಿಕೆ ಬಿಟ್ಟುಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುವ ಮಿತ್ರರೂ ನಮ್ಮ ಬಳಗದಲ್ಲಿದ್ದಾರೆ. ಅವರ ಮೇಲೂ ನನ್ನ ತಕರಾರಿದೆ. ಒಬ್ಬರು ಕಟ್ಟಾ ವಿಚಾರವಾದಿಗಳು, ನನ್ನ ಹಳೆಯ ಸ್ನೇಹಿತರು. ತಾಯಿ ತೀರಿದ ಹದಿಮೂರನೆಯ ದಿನ ಕಣ್ಣು ಊದಿಸಿಕೊಂಡು ವಡೆ ಬಡಿಸುತ್ತಿದ್ದ ಹೆಣ್ಣುಮಗಳೊಬ್ಬಳಿಗೆ, ಸತ್ತವರಿಗೆ ಅನ್ನ ಮುಟ್ಟುವುದಿಲ್ಲವೆಂದು ಪಂಕ್ತಿಯಲ್ಲಿ ಕುಳಿತೇ ವಿವರಿಸಿದರು. ಹೇಳಿದ್ದು ನಿಜವಿರಬಹುದು. ಹೇಳಿದ ಬಗೆಯಲ್ಲಿ ನಮ್ಮ ಸಂಸ್ಕಾರ ತರಗತಿಗೂ ಅವರಿಗೂ ವ್ಯತ್ಯಾಸವಿರಲಿಲ್ಲ. ಎದುರಿಗಿದ್ದ ಮುಖವನ್ನು ಇಬ್ಬರೂ ನೋಡಲಿಲ್ಲ. ಬಿಗಿತವೆಂಬುದು ದೇವರನ್ನು ನಂಬಿದವರ ಸ್ವತ್ತೇನಲ್ಲ.

ದೇವರನ್ನು ನಂಬುತ್ತಲೇ ಅನುಕ್ರಮವನ್ನು ಸರಿಯಾಗಿ ಇಟ್ಟುಕೊಂಡವರು ನಮ್ಮ ಪರಂಪರೆಯಲ್ಲೇ ಇದ್ದಾರೆ. ಆ ಕಥೆಗಳನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಅವುಗಳ ಹಲ್ಲು ಕಿತ್ತು. ತಿರುಕ್ಕೋಷ್ಟಿಯೂರಿನ ಗೋಪುರವೇರಿದ ರಾಮಾನುಜರ ಕಥೆ ಹೇಳುವಾಗ, ಮಂತ್ರದ ಮಹಿಮೆಯನ್ನು ಹೇಳಿ ಮುಗಿಸುತ್ತೇವೆ. ಗುಟ್ಟನ್ನು ಬಯಲು ಮಾಡಿದರೆ ನರಕ ಎಂದು ಗುರು ಎಚ್ಚರಿಸಿದ್ದರು. ತಾನೊಬ್ಬ ನರಕಕ್ಕೆ ಹೋದರೂ ಇಷ್ಟು ಜನ ಉಳಿಯುತ್ತಾರಲ್ಲ ಎಂದು ಶಿಷ್ಯ ಲೆಕ್ಕ ಹಾಕಿದ. ಕಥೆಯ ಜೀವವಿರುವುದು ಆ ಲೆಕ್ಕದಲ್ಲಿ. ಗುರುವಿನ ಆಜ್ಞೆಯನ್ನು ಮೀರಿದ್ದಕ್ಕಾಗಿ ಪೂಜೆಗೊಳ್ಳುವ ಆಚಾರ್ಯರೊಬ್ಬರು ನಮಗಿದ್ದಾರೆಂದು ಯಾವ ಬಾಲಬೋಧೆಯಲ್ಲಿ ಬರೆದಿದೆ?

ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಮಹಾಭಾರತದ ಕಟ್ಟಕಡೆಯ ಪರ್ವ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿಬಿಟ್ಟಿದ್ದರಿಂದಲೋ ಏನೋ, ಕನ್ನಡಿಗರಲ್ಲಿ ಅದರ ಮಾತು ಕಡಿಮೆ. ನಾಯಿಯ ಪರೀಕ್ಷೆಯಲ್ಲಿ ಗೆದ್ದು ಧರ್ಮರಾಯ ಸ್ವರ್ಗಕ್ಕೆ ಹೋದನೆಂಬಲ್ಲಿಗೆ ನಮ್ಮ ಹರಿಕಥೆ ಮುಗಿಯುತ್ತದೆ. ಮೂಲದಲ್ಲಿ ಮುಗಿಯುವುದಿಲ್ಲ. ಸ್ವರ್ಗದಲ್ಲಿ ಅವನಿಗೆ ಕಾಣಿಸುವವನು ಸಿಂಹಾಸನದ ಮೇಲಿನ ದುರ್ಯೋಧನ. ತಮ್ಮಂದಿರೆಲ್ಲಿ ಎಂದು ಕೇಳುತ್ತಾನೆ. ದೇವದೂತನೊಬ್ಬ ಅವನನ್ನು ಕತ್ತಲೆಯ, ದುರ್ನಾತದ ದಾರಿಯಲ್ಲಿ ಕರೆದೊಯ್ಯುತ್ತಾನೆ. ತಡೆಯಲಾರದೆ ಹಿಂದಿರುಗಲು ತಿರುಗಿದಾಗ ಸುತ್ತಲಿಂದ ದನಿಗಳು ಕೇಳುತ್ತವೆ: ಗಳಿಗೆ ಹೊತ್ತು ನಿಲ್ಲು, ನಿನ್ನ ಮೈ ಸೋಕಿ ಬರುವ ಗಾಳಿಯಿಂದ ನಮ್ಮ ಉರಿ ತಣಿಯುತ್ತಿದೆ. ಅವನು ನಿಂತುಬಿಡುತ್ತಾನೆ. ಆ ದನಿಗಳು ಯಾರವೆಂದು ಅವನಿಗಿನ್ನೂ ತಿಳಿದಿಲ್ಲ, ನೆನಪಿಡಿ. ನಿಂತ ಮೇಲೆ ಕೇಳುತ್ತಾನೆ, ನೀವು ಯಾರು ಎಂದು. ಆಗ ಬರುತ್ತವೆ ಹೆಸರುಗಳು: ಕರ್ಣ, ಭೀಮ, ಅರ್ಜುನ, ದ್ರೌಪದಿ. ನಾನಿಲ್ಲೇ ಇರುತ್ತೇನೆ, ನೀನು ಹೋಗು ಎಂದು ದೂತನನ್ನು ಕಳಿಸಿಬಿಡುತ್ತಾನೆ.

ಮಸೂರಿನಲ್ಲಿಯೂ ಇದೇ ಪ್ರಶ್ನೆ, ನೀವು ಯಾರು? ಅಲ್ಲಿ ಉತ್ತರ ಕೇಳಿ ಹೊರಟುಹೋದರು. ಇಲ್ಲಿ ನಿಂತು ಆಮೇಲೆ ಕೇಳಿದ. ನನ್ನ ಜಗಳವೆಲ್ಲ ಇಷ್ಟರದ್ದೇ. ಶ್ಲೋಕ ಬೇಡವೆನ್ನುವವನು ನಾನಲ್ಲ. ಇಂದಿಗೂ ದಿನಕ್ಕೆರಡು ಬಾರಿ ಸಂಧ್ಯಾವಂದನೆ ಮಾಡುತ್ತೇನೆ. ಆದರೆ ಒಂಬತ್ತರ ಮಗುವೊಂದು ಸತ್ತವರಿಗಾಗಿ ಅಳುತ್ತಿರುವಾಗ, ಸತ್ತವರು ಯಾರೆಂದು ವಿಚಾರಿಸಿ ಅಳು ಎಂದು ಕಲಿಸುವ ಧರ್ಮ ಯಾವುದೇ ಇರಲಿ, ಅದರಿಂದ ಆ ಮಗುವನ್ನು ಕಾಪಾಡುವುದು ಮನೆಯ ಹಿರಿಯರ ಕೆಲಸ. ನಾನು ಕಾಪಾಡಲಿಲ್ಲ. ಬಾಗಿಲಲ್ಲಿ ನಿಂತ ತಾಯಿಗೆ "ಮಕ್ಕಳು, ಬಿಡಿ" ಎಂದೆ. ಅದು ಮಕ್ಕಳ ಮಾತಾಗಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು.

ತರಗತಿಯ ಸಂಚಾಲಕರಿಗೆ ಪತ್ರ ಬರೆದೆ. ಮಕ್ಕಳಿಗೆ ಅನ್ಯಮತದವರ ಗತಿಯ ಬಗ್ಗೆ ಏನನ್ನೂ ಕಲಿಸಕೂಡದೆಂದೂ, ವರ್ಷಕ್ಕೊಮ್ಮೆಯಾದರೂ ಅವರನ್ನು ನೆರೆಯ ಚರ್ಚು, ದರ್ಗಾ, ಬುದ್ಧವಿಹಾರಗಳಿಗೆ ಕರೆದೊಯ್ಯಬೇಕೆಂದೂ, ಅಂಬೇಡ್ಕರರ ಆ ನಾಲ್ಕು ಪುಟಗಳನ್ನು ಕನ್ನಡದಲ್ಲಿ ಓದಿಸಬೇಕೆಂದೂ ಕೇಳಿಕೊಂಡೆ. ಸಲಹೆಗಳಿಗೆ ಧನ್ಯವಾದ, ಸದ್ಯಕ್ಕೆ ದಸರಾ ಸ್ಪರ್ಧೆಗಳ ಸಿದ್ಧತೆಯಲ್ಲಿದ್ದೇವೆ ಎಂಬ ಉತ್ತರ ಬಂತು. ಕಲಿಸುವವರು ಫೋನು ಮಾಡಿ, "ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ ರಾಯರೇ" ಎಂದರು. ನೋವಾದದ್ದು ನನ್ನ ಮನಸ್ಸಿಗಲ್ಲ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, ಆ ಮನೆಯವರು ಎಷ್ಟನೆಯ ಮಹಡಿ ಎಂದು ಕೇಳಿದರು. ಹೋದರೋ ಇಲ್ಲವೋ ತಿಳಿಯದು.

ನಾನು ಹೋದದ್ದು ಹದಿನೆಂಟು ದಿನ ಕಳೆದ ಮೇಲೆ. ಮೊಮ್ಮಗಳನ್ನೂ ಕರೆದುಕೊಂಡು ಮೆಟ್ಟಿಲಿಳಿದೆ. ಅಜ್ಜಿ ಈಗ ಎಲ್ಲಿದ್ದಾರೆ ಎಂದು ಅವಳು ದಾರಿಯಲ್ಲಿ ಮತ್ತೆ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. "ಹಾಗಾದರೆ ಮಾಸ್ತರರಿಗೆ?" ಅವರಿಗೂ ಗೊತ್ತಿಲ್ಲ ಎಂದೆ. ಬಾಗಿಲು ತೆರೆದದ್ದು ಆ ತಾಯಿಯೇ. ಒಳಗೆ ಕರೆದು ಕುರ್ಚಿ ಕೊಟ್ಟರು. ಅವರ ಮಗಳು ಒಳಕೋಣೆಯಿಂದ ಹೊರಗೆ ಬರಲಿಲ್ಲ. ನಮ್ಮ ಹುಡುಗಿ ಕೋಣೆಯ ಹೊಸ್ತಿಲ ತನಕ ಹೋಗಿ, ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕುಳಿತಳು.